ಪರೀಕ್ಷೆಯಾದ ನೀರು

"ಈ ಸಲವಾದ್ರೂ ನಮ್ಮನೆ ನೀರು ಕುಡೀತೀಯೋ, ಇಲ್ಲ ಹೋದ್ಸಲದ ಹಾಗೆ ಏನಾದ್ರೂ ನೆಪ ಹೇಳ್ತೀಯೋ?" ಮುದುಕಿ ಕ್ಷೀರೋದಾ ಲೋಟವನ್ನು ಸೆರಗಿನಲ್ಲಿ ಒರೆಸುತ್ತ ಕೇಳಿದಳು. ಅವಳ ಅಂಗೈ ತುಂಬ ಗಡಸು ಗುಳ್ಳೆಗಳೆದ್ದಿದ್ದವು.

ನಿರುಪಮ್ ಹಾಲ್ದಾರ್ ನಕ್ಕಂತೆ ಮಾಡಿದ. ಅಂಗಳದ ಕೈಪಂಪಿನ ಕೊಳವೆಬಾವಿಯ ಬಳಿ ಡಚ್ ಪ್ರೊಫೆಸರ್ ಮರೈಕೆ ಸೀಸೆಗಳಿಗೆ ನೀರು ತುಂಬಿಸುತ್ತಿದ್ದಳು. ಕಲ್ಕತ್ತೆಯ ಅವನ ಸಂಸ್ಥೆಗೂ ಅವಳ ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಗಿ ಎರಡು ವರ್ಷ. ಅಂಗೈಯಲ್ಲಿ ಇಂಥ ಗುಳ್ಳೆ ಏಳಿಸುವ ಆರ್ಸೆನಿಕ್ ವಿಷ ಈ ನೀರಿನಲ್ಲಿ ವಿಪರೀತವಾಗಿದೆ ಎಂಬುದು ಮೊದಲ ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಆದರೆ ಎರಡೂ ಕಡೆಯ ಫಲಿತಾಂಶ ತಾಳೆಯಾಗಿ ಜಂಟಿ ವರದಿ ಹೊರಬೀಳುವ ತನಕ ಹಳ್ಳಿಯಲ್ಲಿ ಯಾರೂ ಬಾಯಿ ಬಿಡಕೂಡದು. ಜನ ಗಾಬರಿಯಾಗಬಾರದಂತೆ. ಗಾಬರಿಯಾಗದೆ ಸತ್ತರೆ ಪರವಾಗಿಲ್ಲವೇನೋ. ನಿರುಪಮನೂ ಅದಕ್ಕೆ ಸಹಿ ಹಾಕಿದ್ದ. ಒಪ್ಪಂದ ಮುಂದುವರಿದರೆ ಮಾತ್ರ ಅವನ ಕೆಲಸ ಉಳಿಯುವುದು.

ಅಷ್ಟರಲ್ಲಿ ಕೆರೆಯಾಚೆ ಕೇರಿಯ ಹೆಂಗಸರು ಕೊಡ ಹಿಡಿದು ಬಂದರು.

"ಇವರ ಕೇರಿಯಲ್ಲೇ ಬಾವಿ ಇದೆಯಲ್ಲ, ಮಾಸಿಮಾ?" ಬಂಗಾಳಿ ರೂಢಿಯಂತೆ ಚಿಕ್ಕಮ್ಮನೆಂದು ಕರೆಯುತ್ತ ನಿರುಪಮ್ ಕ್ಷೀರೋದಾಳನ್ನು ಕೇಳಿದ.

"ಇದೆ. ನೀವೇ ಒಂದ್ಸಲ ನೋಡಿ ಬಿಟ್ಟುಹೋದ್ರಲ್ಲ, ಚೆನ್ನಾಗಿದ್ರೆ ಬಿಡ್ತಿದ್ರಾ? ನಮ್ಮನೇದಾದ್ರೆ ಪರದೇಶದವರು ಮತ್ತೆ ಮತ್ತೆ ಬಂದು ಸೀಸೆ ತುಂಬ್ಕೊಂಡು ಹೋಗ್ತಾರೆ. ಅದಕ್ಕೇ ಎಲ್ಲರೂ ಇಲ್ಲಿಗೇ ಬರೋದು. ಬಸುರಿ ಸೊಸೆಗೆ ನಾನು ಬೇರೆ ನೀರೇ ಕೊಡಲ್ಲ."

ಕೆರೆಯಾಚೆಯ ಬಾವಿಯ ನೀರು ಶುದ್ಧವಾಗಿತ್ತು. ಶುದ್ಧವಾಗಿದ್ದರಿಂದಲೇ ನಿರುಪಮನೂ ಮರೈಕೆಯೂ ಮತ್ತೆ ಅತ್ತ ಹೋಗಿರಲಿಲ್ಲ. ಸೊಸೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಸೋರೆಕಾಯಿ ಹೆಚ್ಚುತ್ತಿದ್ದಳು.

"ಮಾಸಿಮಾ, ಈ ನೀರಲ್ಲಿ ವಿಷ ಇದೆ," ಎಂದುಬಿಟ್ಟ. "ಕೆರೆಯಾಚೇದೇ ಒಳ್ಳೇದು. ಇವತ್ತಿಂದ ಅವಳಿಗೆ ಇದನ್ನ ಕೊಡಬೇಡಿ."

ಪಂಪಿನ ಹಿಡಿ ಒತ್ತುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ಕೆಲಸ ಹೋದರೆ ಹೋಗಲಿ ಎನ್ನಿಸಿ ನಿರುಪಮನಿಗೆ ಒಂದು ಗಳಿಗೆ ಎದೆ ಹಗುರಾಯಿತು.

"ಯಾವಾಗಿಂದ ಗೊತ್ತು ನಿಂಗೆ?" ಕ್ಷೀರೋದಾ ಕೇಳಿದಳು.

"ಮೊದಲಿಂದ."

"ಮೊದಲಿಂದ ಗೊತ್ತಿದ್ದು ಸುಮ್ಮನಿದ್ದೆಯಾ? ಅಂಥ ಪಾಪಿ ಅಲ್ಲಪ್ಪ ನೀನು," ಮುದುಕಿ ತಲೆಯಲ್ಲಾಡಿಸಿದಳು. "ಇಲ್ಲಿ ನೀರು ಹೊರೋರು ಜಾಸ್ತಿಯಾದ್ರು, ಅವರನ್ನ ಓಡಿಸ್ಬೇಕು ಅಂತ ಯಾರೋ ನಿನ್ನ ಕಿವಿ ಊದಿದಾರೆ. ಇರು, ಮೇಮ್‌ಸಾಹೇಬರು ಕುಡೀತಾರೋ ಇಲ್ವೋ ನೋಡೋಣ."

ಲೋಟ ತುಂಬಿಸಿ, ತಟ್ಟೆಯಲ್ಲಿ ಎರಡು ಬತ್ತಾಸು ಇಟ್ಟು ಮರೈಕೆಯ ಮುಂದೆ ಹಿಡಿದಳು. ಮರೈಕೆಗೆ ಬಂಗಾಳಿ ಬಾರದು. ಹಿಂದೆ ಒಮ್ಮೆ ತನ್ನ ಬಾಟಲಿ ತೋರಿಸಿ ಬೇಡವೆಂದಾಗ ಮುದುಕಿಯ ಮುಖ ಬಾಡಿದ್ದು ಅವಳಿಗೆ ನೆನಪಿತ್ತು. ಮನೆಯವರು ಕೊಟ್ಟ ನೀರನ್ನು ಈ ಕಡೆ ಬೇಡವೆನ್ನಬಾರದೆಂದು ಆಮೇಲೆ ಜೀಪಿನಲ್ಲಿ ತಿಳಿಹೇಳಿದವನು ನಿರುಪಮನೇ.

"ಕುಡೀಬೇಡಿ," ಅವನು ಇಂಗ್ಲಿಷಿನಲ್ಲಿ ಹೇಳಿದ. "ದಯವಿಟ್ಟು."

ತನ್ನ ಆರೋಗ್ಯದ ಚಿಂತೆ ಎಂದುಕೊಂಡು ಅವಳು ಮುಗುಳ್ನಕ್ಕಳು. "ಒಂದು ಲೋಟದಿಂದ ಏನಾಗುತ್ತೆ ನಿರುಪಮ್? ನಿಮಗೂ ಗೊತ್ತಲ್ಲ." ಪೂರ್ತಿ ಕುಡಿದು, ಬತ್ತಾಸು ಬಾಯಿಗೆ ಹಾಕಿಕೊಂಡು, ಅವನೇ ಕಲಿಸಿದಂತೆ ಎರಡೂ ಕೈ ಜೋಡಿಸಿದಳು.

ಹೆಂಗಸರು ನಕ್ಕರು. ಹಿಡಿ ಮತ್ತೆ ಕಿರುಗುಟ್ಟತೊಡಗಿತು.

ಕ್ಷೀರೋದಾ ಲೋಟವನ್ನು ಚೆನ್ನಾಗಿ ತೊಳೆದು ಪಂಪಿನ ಬಾಯಿಗೆ ಹಿಡಿದಳು. ಸೊಸೆ ಹೆಚ್ಚುತ್ತಿದ್ದುದನ್ನು ಬದಿಗಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಬಾಯಾರಿದ್ದಳೆಂದು ಕಾಣುತ್ತದೆ, ಒಂದೇ ಉಸಿರಿಗೆ ಕುಡಿದಳು.