ನವಾಬನ ಎದುರಿಗಿಟ್ಟ ಕನ್ನಡಿ

ಶಹಾಬಜಾರದ ಅಕ್ಬರಿ ಬೇಗಂ ಮನೆಯಲ್ಲಿ ಒಂದು ಕಟ್ಟಳೆ ಇದೆ. ಆ ಮನೆಗೆ ಬಂದವರು ಯಾರೂ ಒಬ್ಬರೇ ಕೂತು ಉಣ್ಣುವಂತಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೆ ಚಹಾ ಕೊಟ್ಟರೂ ಆಕೆ ಎದುರಿಗೆ ಕೂತು ಅರ್ಧ ಕಪ್ಪು ಕುಡಿಯುತ್ತಾಳೆ. ದಿನಕ್ಕೆ ಹೀಗೆ ಎಷ್ಟು ಅರ್ಧ ಕಪ್ಪುಗಳಾಗುತ್ತವೆ ಎಂಬುದನ್ನು ಡಾಕ್ಟರಿಗೆ ಮಾತ್ರ ಹೇಳುವುದಿಲ್ಲ. ಅತ್ತೆಯ ಕಾಲದಿಂದ ನಡೆದುಬಂದ ಈ ಕಟ್ಟಳೆ ಒಂದು ಮೀನಿನ ಜೀವಕ್ಕೇ ಸಂಚಕಾರ ತಂದೀತೆಂದು ಯಾರು ತಾನೇ ಎಣಿಸಿದ್ದರು?

ಮೀನು ಸೊಸೆ ಮದಿಹಾಳದು. ಮೂರು ತಿಂಗಳ ಹಿಂದೆ ಆಕೆ ಕಮಲಾಪುರದಿಂದ ಮದುಮಗಳಾಗಿ ಬಂದಾಗ, ತೊಡೆಯ ಮೇಲೆ ಒಂದು ಗಾಜಿನ ಭರಣಿ ಇಟ್ಟುಕೊಂಡೇ ಕಾರಿನಿಂದ ಇಳಿದಿದ್ದಳು. ಒಳಗೆ ಹೆಬ್ಬೆರಳುದ್ದದ ನೀಲಿ ಬೆಟ್ಟಾ ಮೀನು, ಹೆಸರು ನವಾಬ. ಅಕ್ಬರಿ ಬೇಗಂ ಅದನ್ನು ಕಂಡು ಬೀಗರೆಲ್ಲರ ಎದುರಿಗೆ, "ಹುರಿದರ ಒಬ್ಬರ ಬಾಯಿಗೂ ಸಾಲಂಗಿಲ್ಲ, ಇದನ್ಯಾಕ ತಂದಿ ಬೇಟಿ?" ಎಂದುಬಿಟ್ಟಿದ್ದಳು. ಎಲ್ಲರೂ ನಕ್ಕರು. ಮದಿಹಾಳ ಕಣ್ಣು ಮಾತ್ರ ತುಂಬಿ ಬಂತು. ಅದನ್ನು ನೆನೆದು ಅಕ್ಬರಿ ಬೇಗಂ ಆಮೇಲೆ ಎಷ್ಟೋ ಸಲ ನಾಲಗೆ ಕಚ್ಚಿಕೊಂಡಿದ್ದಾಳೆ. ಮಗ ಫುರ್ಕಾನ್ ಮೀನಿಗೊಂದು ಪುಟ್ಟ ಗಾಜಿನ ತೊಟ್ಟಿ ತಂದು ತಮ್ಮ ಕೋಣೆಯಲ್ಲಿಟ್ಟುಕೊಂಡ. ಅಲ್ಲಿಗೆ ಆ ಮಾತು ಮುಗಿದಿತ್ತು.

ಈಗ ಫುರ್ಕಾನ್ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ ಮದಿಹಾ ಎಂಟು ದಿನಕ್ಕೆಂದು ತವರಿಗೆ ಹೊರಟಳು. ಹೋಗುವಾಗ ಅತ್ತೆಯ ಕೈಗೆ ಒಂದು ಚಿಕ್ಕ ಡಬ್ಬಿ ಕೊಟ್ಟು, "ಮುಂಜಾನಿ ಎರಡು ಕಾಳು, ಸಂಜಿಕ ಎರಡು ಕಾಳು ಹಾಕ್ರಿ ಅಮ್ಮೀ, ಸಾಕು" ಎಂದಳು.

ಎರಡು ಕಾಳು! ಈ ಮನೆಯಿಂದ ಬೆಕ್ಕು ಕೂಡ ಅಷ್ಟೇ ತಿಂದು ಹೋದದ್ದಿಲ್ಲ. ಅಕ್ಬರಿ ಬೇಗಂ ಚಿಟಿಕೆ ತುಂಬ ಹಾಕಿದಳು. ತೊಟ್ಟಿಯ ನೀರು ಚಹಾದ ಬಣ್ಣಕ್ಕಿತ್ತು, ತಳದಲ್ಲಿ ಒಂದು ಒಣ ಎಲೆ ಬಿದ್ದಿತ್ತು. ಪಾಪ, ಹುಡುಗಿಗೆ ತೊಳೆಯಲು ಪುರುಸೊತ್ತಾಗಿಲ್ಲ ಎಂದುಕೊಂಡು ಎಲೆ ಎಸೆದು, ನೀರೆಲ್ಲ ಚೆಲ್ಲಿ, ಆಗಷ್ಟೇ ನಲ್ಲಿಗೆ ಬಂದ ತಾಜಾ ನೀರು ತುಂಬಿ ಗಾಜು ಫಳಫಳ ಹೊಳೆಯುವಂತೆ ಮಾಡಿದಳು. ಕೋಣೆಯಲ್ಲಿ ಒಂಟಿಯಾಗಿ ಯಾಕಿರಬೇಕೆಂದು ದಿವಾನಖಾನೆಯ ನಡುವಿನ ಮೇಜಿಗೆ ತಂದಿಟ್ಟಳು. ಆದರೂ ಅದು ಒಂದೇ ತಿನ್ನುವುದನ್ನು ನೋಡಿ ಮನಸ್ಸು ತಡೆಯಲಿಲ್ಲ. ಫುರ್ಕಾನ್ ಗಡ್ಡ ಮಾಡಿಕೊಳ್ಳುವ ಕನ್ನಡಿಯನ್ನು ತಂದು ಗಾಜಿಗೆ ಒರಗಿಸಿದಳು.

ನವಾಬ ಕನ್ನಡಿಯನ್ನು ಕಂಡದ್ದೇ ತಡ, ಕಿವಿರು ಬಿರಿದು, ರೆಕ್ಕೆ ಬಾಲಗಳನ್ನೆಲ್ಲ ಬೀಸಣಿಕೆಯಂತೆ ಹರಡಿದ.

"ಮಾಶಾಅಲ್ಲಾ! ಜೊತಿ ಸಿಕ್ಕಕೂಡ್ಲೇ ಹೆಂಗ ಕುಣಿಯಾಕತ್ಯಾನ ನೋಡ್ರೀ!" ಎಂದು ಗಂಡ ಸಲಾವುದ್ದೀನನನ್ನು ಕೂಗಿದಳು. ಪಕ್ಕದ ಮನೆಯ ಬಂಡಮ್ಮನನ್ನು ಕರೆದಳು. ಬಂಡಮ್ಮ ನೋಡಿದಳೆಂದರೆ ಓಣಿಯೇ ನೋಡಿದಂತೆ. ನಾಲ್ಕು ದಿನ ಮನೆಯಲ್ಲಿ ಜಾತ್ರೆಯೇ ಜಾತ್ರೆ. ಮಕ್ಕಳು ಗಾಜು ಬಡಿದರು, ಹೆಂಗಸರು ಬಾಗಿ ನೋಡಿದರು, ಚಹಾದ ಪಾತ್ರೆ ಒಲೆಯಿಂದ ಇಳಿಯಲೇ ಇಲ್ಲ.

ಐದನೆಯ ಬೆಳಿಗ್ಗೆ ನವಾಬ ತಳದಲ್ಲಿ ಮಲಗಿದ್ದ. ನೀಲಿ ಬಣ್ಣ ಬೂದಿಯಾಗಿತ್ತು. ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು, ಹೊಟ್ಟೆ ಉಬ್ಬಿತ್ತು. ಅಕ್ಬರಿ ಬೇಗಂ ಗಂಡನನ್ನು ಕೂಗಿ ಕರೆದಳು. 'ಹುರಿದರೆ' ಎಂದಿದ್ದ ಬಾಯಿ ಇದು. ಮೀನು ಸತ್ತರೆ, ಅದು ಅಪ್ಪಿತಪ್ಪಿ ಆದದ್ದೆಂದು ಯಾರು ನಂಬುತ್ತಾರೆ?

ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದ ಸಲಾವುದ್ದೀನನ ಬಳಿ ಎಲ್ಲದಕ್ಕೂ ದಾರಿಯಿರುತ್ತದೆ. "ಇದೇ ಬಣ್ಣದ್ದು ಇನ್ನೊಂದು ತಂದು ಬಿಟ್ಟರಾತು. ಮೀನಿನ ಮುಖ ಯಾರು ಗುರ್ತು ಹಿಡೀತಾರ?"

"ಆಕಿ ಹಿಡೀತಾಳ. ಹಿಡದರೂ ಒಂದು ಮಾತು ಅನ್ನಂಗಿಲ್ಲ, ನಗತಾಳ ಅಷ್ಟ. ಅದ ನನಗ ಹೆದರಿಕಿ" ಎಂದಳು ಅಕ್ಬರಿ ಬೇಗಂ. ಜಗಳ ಮಾಡುವ ಸೊಸೆಯಾಗಿದ್ದರೆ ಎರಡು ದಿನ ಜಗಳವಾಡಿ ಒಂದಾಗಬಹುದಿತ್ತು. ಈ ಹುಡುಗಿ ಒಮ್ಮೆ ಮನಸ್ಸಿನ ಬಾಗಿಲು ಮುಚ್ಚಿದರೆ ತೆರೆಸುವುದು ಹೇಗೆ? ಅಕ್ಬರಿ ಬೇಗಂ ಮೀನಿನ ವಿಡಿಯೋ ಮಾಡಿಕೊಂಡು, ಬುರ್ಖಾ ಹಾಕಿಕೊಂಡು, ಆಟೋ ಹಿಡಿದು ಖೂಬಾ ಪ್ಲಾಟಿನಲ್ಲಿದ್ದ ಮೀನಿನ ಅಂಗಡಿಗೆ ಹೋದಳು.

ಅಂಗಡಿಯ ಸಂಜುಕುಮಾರ ವಿಡಿಯೋ ನೋಡಿದ, ಕಥೆಯನ್ನೆಲ್ಲ ಕೇಳಿದ. ಕನ್ನಡಿಯ ಮಾತು ಬಂದಾಗ ಹಣೆ ಹಣೆ ಬಡಿದುಕೊಂಡ.

"ಖಾಲಾ, ಅದು ಕುಣಿಯಾಕತ್ತಿರ್ಲಿಲ್ರೀ, ಜಗಳಕ್ಕ ನಿಂತಿತ್ತು! ತನ್ನ ಮನಿಯಾಗ ಇನ್ನೊಂದು ಗಂಡು ಮೀನು ಹೊಕ್ಕದ ಅಂತ ನಾಕು ದಿನ ಹೊಡದಾಡಿ ಹೊಡದಾಡಿ ಸುಸ್ತಾಗ್ಯದ. ಈ ಮೀನಿಗಿ ಒಂಟಿ ಇರೋದ ಸುಖ."

"ಒಂಟಿ ಇರೋದು ಸುಖಾ?" ಇಂಥ ಮಾತನ್ನು ಅಕ್ಬರಿ ಬೇಗಂ ಜೀವಮಾನದಲ್ಲೇ ಕೇಳಿರಲಿಲ್ಲ.

"ಹೂಂ ರೀ. ಎರಡು ದಿನ ಒಂದು ಕಾಳೂ ಹಾಕಬ್ಯಾಡ್ರಿ, ಹೊಟ್ಟಿ ಇಳೀಲಿ. ನಲ್ಲಿ ನೀರಿನಾಗ ಬ್ಲೀಚಿಂಗ್ ಇರ್ತದ, ಬಕೀಟಿನಾಗ ನಿಲ್ಲಿಸಿಟ್ಟು, ಈ ಔಷಧ ಎರಡು ಹನಿ ಬಿಟ್ಟು, ಸ್ವಲ್ಪ ಸ್ವಲ್ಪ ಬದಲಿ ಮಾಡ್ರಿ. ಮೂರು ಕಡಿ ಅರಬಿ ಮುಚ್ಚಿ, ಗದ್ದಲ ಇಲ್ಲದ ಕೋಣ್ಯಾಗ ಇಡ್ರಿ. ಯಾರೂ ಹೋಗಿ ಮುಖ ತೋರಿಸಬಾರದು. ಒಣಗಿದ ಬಾದಾಮಿ ಎಲಿ ಹಾಕಿದರ ಚಲೋ, ನನ್ನ ಹತ್ರ ಮುಗದಾವ. ರಸ್ತಾದಾಗಿನ ಗಿಡದ್ದು ಬ್ಯಾಡ, ಹೊಗಿ ಹಿಡದಿರ್ತದ."

ಅಕ್ಬರಿ ಬೇಗಂಳಿಗೆ ಆಗ ಹೊಳೆಯಿತು. ಕಸವೆಂದು ತಾನು ಎಸೆದದ್ದು ಅದೇ ಎಲೆ. ಮದಿಹಾಳ ತವರಿನ ಅಂಗಳದಲ್ಲಿ ದೊಡ್ಡದೊಂದು ಬಾದಾಮಿ ಗಿಡವಿದೆ.

ನವಾಬ ಮತ್ತೆ ಮದಿಹಾಳ ಕೋಣೆ ಸೇರಿದ. ಅಕ್ಬರಿ ಬೇಗಂ ತನ್ನ ಹಳೆಯ ದುಪಟ್ಟಾ ಹರಿದು ತೊಟ್ಟಿಗೆ ಮೂರು ಕಡೆ ಪರದೆ ಕಟ್ಟಿದಳು. ಸಲಾವುದ್ದೀನ್ ಹೊರಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತ. ಮೀನು ನೋಡಬೇಕೆಂದು ಬಂದವರಿಗೆಲ್ಲ, "ಸೀಟ್ ಫುಲ್ ಅದ, ನಾಳಿ ಬರ್ರಿ" ಎಂದು ತನ್ನ ಹಳೆಯ ದನಿಯಲ್ಲೇ ಹೇಳಿ ಕಳಿಸಿದ. ಎರಡನೆಯ ದಿನ ಮೀನು ಮೇಲೆ ಬಂದು ಉಸಿರು ತೆಗೆದುಕೊಂಡು ಹೋಯಿತು. ಮೂರನೆಯ ದಿನ ಹೊಟ್ಟೆ ಇಳಿದಿತ್ತು, ಬಾಲದ ತುದಿಯಲ್ಲಿ ನೀಲಿ ಇಣುಕಿತ್ತು. ಅಕ್ಬರಿ ಬೇಗಂ ಉಸಿರು ಬಿಗಿಹಿಡಿದು ಒಂದೇ ಒಂದು ಕಾಳು ಹಾಕಿದಳು. ನವಾಬ ನಿಧಾನಕ್ಕೆ ಬಂದು ಅದನ್ನು ನುಂಗಿದ. ಆಕೆಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಗದ್ದಲ ಮಾಡುವಂತಿಲ್ಲವಲ್ಲ, ಬಾಯಿಗೆ ಸೆರಗಿಟ್ಟುಕೊಂಡು ಹೊರಗೆ ಬಂದಳು.

ಅಷ್ಟರಲ್ಲಿ ಮದಿಹಾಳ ಫೋನ್ ಬಂತು. "ಅಮ್ಮೀ, ಇನ್ನೊಂದು ನಾಕು ದಿನ ಇದ್ದು ಬರ್ಲೇನ್ರಿ?"

"ಇರು ಬೇಟಿ" ಎಂದು ಫೋನಿಟ್ಟ ಅಕ್ಬರಿ ಬೇಗಂ ಸೊಸೆಯ ಮಂಚದ ಮೇಲೆ ಸುಮ್ಮನೆ ಕೂತಳು. ಈ ಮೂರು ತಿಂಗಳಲ್ಲಿ ಹುಡುಗಿ ಈ ಕೋಣೆಯಲ್ಲಿ ಒಂದು ತಾಸಾದರೂ ಒಬ್ಬಳೇ ಕೂತದ್ದುಂಟೇ? ಎಷ್ಟು ನೆನೆಸಿಕೊಂಡರೂ ಅಂಥ ಒಂದು ದಿನ ನೆನಪಾಗಲಿಲ್ಲ. ಮರುದಿನವೇ ಆಕೆ ಕಮಲಾಪುರದ ಬಸ್ಸು ಹತ್ತಿದಳು.

ಹೇಳದೆ ಕೇಳದೆ ಗಂಡಿನ ತಾಯಿ ಬಂದದ್ದು ನೋಡಿ ಬೀಗಿತ್ತಿ ಗಾಬರಿಯಾದಳು. "ಚಹಾ ಆಮ್ಯಾಲ. ನನ್ನ ಸೊಸಿ ಎಲ್ಲಿ?" ಎಂದು ಅಕ್ಬರಿ ಬೇಗಂ ನೇರ ಹಿತ್ತಲ ಬಾಗಿಲಿಗೆ ಹೋದಳು.

ಬಾದಾಮಿ ಗಿಡದ ಕೆಳಗೆ ಮದಿಹಾ ತೊಡೆಯ ಮೇಲೆ ತಾಟಿಟ್ಟುಕೊಂಡು ಒಬ್ಬಳೇ ಖಿಚಡಿ ಉಣ್ಣುತ್ತಿದ್ದಳು. ಅವಸರವಿರಲಿಲ್ಲ. ಗಿಡದ ಮೇಲಿನ ಅಳಿಲು ನೋಡುತ್ತ, ತನ್ನಷ್ಟಕ್ಕೆ ಏನೋ ಗುನುಗುತ್ತ ಉಣ್ಣುತ್ತಿದ್ದಳು. ಶಹಾಬಜಾರದಲ್ಲಿ ಅರ್ಧ ತಾಟು ಬಿಡುವ ಹುಡುಗಿ ಇಲ್ಲಿ ತಾಟು ಬಳಿಯುತ್ತಿದ್ದಳು. ಎದುರಿಗೆ ಹೋಗಿ ಕೂರಲು ಅಕ್ಬರಿ ಬೇಗಂಳ ಕಾಲು ತಾನಾಗಿಯೇ ಮುಂದಾಯಿತು. ಆಕೆ ಅದನ್ನು ಹಿಂದಕ್ಕೆಳೆದುಕೊಂಡಳು. ಸೊಸೆ ಉಂಡು ಕೈತೊಳೆಯುವ ತನಕ ಬಾಗಿಲ ಮರೆಯಲ್ಲೇ ನಿಂತಳು.

ಆಮೇಲೆ ಹತ್ತಿರ ಹೋಗಿ ಒಂದೊಂದಾಗಿ ಹೇಳತೊಡಗಿದಳು. ಎಲೆ, ನೀರು, ಚಿಟಿಕೆ ಕಾಳು, ನವಾಬ ತಳ ಹಿಡಿದದ್ದು; ಕನ್ನಡಿಯ ಮಾತು ಇನ್ನೂ ಬಂದಿರಲಿಲ್ಲ. ಮದಿಹಾಳ ಮುಖ ಬಿಳಿಚಿಕೊಂಡಿತು. "ಈಗ ಹೆಂಗದಾನ್ರಿ?"

"ನಿನ್ನಿ ಒಂದು ಕಾಳು, ಇವತ್ತು ಮುಂಜಾನಿ ಒಂದು ಕಾಳು ತಿಂದಾನ. ಕನ್ನಡಿ ತಗದಿಟ್ಟೀನಿ."

"ಕನ್ನಡಿ? ಕನ್ನಡಿ ಯಾಕ ಇಟ್ಟಿದ್ರಿ ಅಮ್ಮೀ?"

"ಒಬ್ಬನ ಉಣ್ಣಾಕತ್ತಿದ್ದ... ಅದಕ್ಕ."

ಮದಿಹಾ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತರೂ ನೀರು ನಿಲ್ಲಲಿಲ್ಲ.

"ನಿನಗೂ ಹಾಂಗ ಮಾಡೀನಿ ಅಲ್ಲೇನು?" ಅಕ್ಬರಿ ಬೇಗಂ ಮೆಲ್ಲಗೆ ಕೇಳಿದಳು. "ದಿನಾ ಮಂದಿ ಕರದು, ನಡುವ ಕುಂದ್ರಿಸಿ, ತಾಟಿಗಿ ಬಡಿಸಿ ಬಡಿಸಿ... ನೀ ನಗತಿದ್ದಿ. ನಾ ಖುಷಿ ಅಂತ ತಿಳ್ಕೊಂಡೆ."

"ನೀವು ಪ್ರೀತಿಲೇ ಮಾಡೀರಿ ಅಮ್ಮೀ."

"ಮೀನಿಗೂ ಪ್ರೀತಿಲೇ ಮಾಡಿದ್ನೆವ್ವಾ."

ಮದಿಹಾ ಕಣ್ಣೊರೆಸಿಕೊಂಡು ಬಾಗಿ, ತೂತಿಲ್ಲದ ಒಣ ಎಲೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಅತ್ತೆ ಚೀಲದ ಬಾಯಿ ಅಗಲಿಸಿ ಹಿಡಿದಳು. ಚೀಲ ಅರ್ಧ ತುಂಬಿದಾಗ, "ಮೂರು ಗಂಟಿ ಬಸ್ಸಿಗಿ ಹೋಗೋಣೇನ್ರಿ?" ಎಂದು ಕೇಳಿದವಳು ಮದಿಹಾಳೇ. ಬೀಗಿತ್ತಿ ಒಂದು ಗೊನೆ ಕೆಂಪು ಬಾಳೆಹಣ್ಣು ಹೊರಿಸಿ ಕಳಿಸಿದಳು.

ಸಂಜೆ ಅವರು ಮನೆ ಮುಟ್ಟಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಬಂಡಮ್ಮ ಹಾಜರಾದಳು. ಮದಿಹಾ ಆಗಲೇ ಎಲೆಯ ಚೀಲದೊಂದಿಗೆ ಕೋಣೆ ಸೇರಿದ್ದಳು.

"ಸೊಸಿ ಬಂದಾಳಂತಲ್ಲ ಆಪಾ? ಮಾತಾಡಿಸಿ ಹೋಗ್ತೀನಿ."

ಅಕ್ಬರಿ ಬೇಗಂ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಬಂಡಮ್ಮನ ಕೈಯಲ್ಲಿ ಎರಡು ಕೆಂಪು ಬಾಳೆಹಣ್ಣು ಇಟ್ಟು, "ನಾಳಿ ಬಾರವ್ವಾ. ಒಳಗ ಇಬ್ಬರೂ ಆರಾಮ ಮಾಡಾಕತ್ತಾರ" ಎಂದಳು.

ಮುಚ್ಚಿದ ಬಾಗಿಲ ಹಿಂದಿನಿಂದ ಮದಿಹಾ ನಕ್ಕದ್ದು ಇಬ್ಬರಿಗೂ ಕೇಳಿಸಿತು.