ಪಟ್ಟಿಗೆ ಸೇರದ ಸೀಸೆ

ಏಣಿಯ ಮೇಲೆ ನಿಂತಿದ್ದ ಸ್ಟೋರಕ್ಕ ಸೀಸೆಯ ಕಡೆ ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು. ಕಪಾಟಿನ ಮೇಲಿನ ಹಲಗೆಯಲ್ಲಿ, ಮೂರು ಖಾಲಿ ಡಬ್ಬಗಳ ಹಿಂದೆ ಅದು ಕೂತಿತ್ತು. ಚೀಟಿ ಕಂದಿದ್ದರೂ ಅಕ್ಷರ ಓದಬಹುದಿತ್ತು: ಪಿಕ್ರಿಕ್ ಆಮ್ಲ. ಒಳಗೆ ನೀರಿನ ಪಸೆಯೂ ಇರಲಿಲ್ಲ. ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿತ್ತು.

ಪ್ರಯೋಗಾಲಯದ ಉಗ್ರಾಣದಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀರಲ್ಲಿ ನೆನೆದಿರುವತನಕ ಅದು ಸಾಧು. ಒಣಗಿತೋ, ಮುಚ್ಚಳ ತಿರುಗಿಸಿದರೂ ಸಾಕು, ಸಿಡಿಯುತ್ತದೆ. ಉಸಿರು ಬಿಗಿಹಿಡಿದು ಇಳಿದಳು. ಏಣಿಯನ್ನು ಅಲ್ಲೇ ಬಿಟ್ಟು ಕೋಣೆಗೆ ಬೀಗ ಹಾಕಿದಳು.

ಅವಘಡವಾದರೆ ಯಾವ ಕೋಣೆಯಲ್ಲಿ ಏನಿದೆ, ಎಲ್ಲಿ ನೀರು ಹಾಯಿಸಬಾರದು ಎಂಬ ಯೋಜನೆ ತಯಾರಾಗುತ್ತಿತ್ತು. ಅದಕ್ಕೆ ರಾಸಾಯನಿಕಗಳ ಪಟ್ಟಿ ಮಾಡುವ ಕೆಲಸ ಅವಳದು. ಮಧ್ಯಾಹ್ನ ಅಗ್ನಿಶಾಮಕ ಠಾಣೆಯ ಅಧಿಕಾರಿ ಬರುವವರಿದ್ದರು. ಅವಳು ನೇರ ದೊಡ್ಡ ಸರ್ ಕೋಣೆಗೆ ಹೋದಳು. ಪ್ರಯೋಗಾಲಯದ ಮುಖ್ಯಸ್ಥರು ಅವರು. ಗಂಡ ತೀರಿಕೊಂಡ ವರ್ಷ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದವಳಿಗೆ ಕೆಲಸ ಕೊಟ್ಟವರು.

"ಯಾವ ಕಾಲದ್ದೋ ಏನೋ," ಎಂದರು. "ಮೂವತ್ತು ವರ್ಷ ಸುಮ್ನೆ ಇದ್ದಿದ್ದು ಇನ್ನೊಂದು ತಿಂಗಳು ಇರುತ್ತೆ. ಪಟ್ಟೀಲಿ ಬರೆದ್ರೆ ಇವತ್ತೇ ಕಟ್ಟಡ ಮುಚ್ತಾರೆ. ರಿಸರ್ಚ್ ಮಾಡೋ ಮಕ್ಕಳ ಪ್ರಯೋಗ ಎಲ್ಲ ಅರ್ಧಕ್ಕೆ ನಿಲ್ಲುತ್ತೆ. ಆಮೇಲೆ ನಾನೇ ವ್ಯವಸ್ಥೆ ಮಾಡ್ತೀನಿ."

"ಆಮೇಲೆ ಅಂದ್ರೆ ಯಾವಾಗ ಸರ್?"

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

ಉಂಡ ಮನೆಗೆ ಎರಡು ಬಗೆಯುವವಳಲ್ಲ ಅವಳು. ತಲೆ ತಗ್ಗಿಸಿದಳು. ಚೀಟಿಯ ಮೇಲಿದ್ದ ಕೈಬರಹ ಅವರದೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಬಂದ ಅಧಿಕಾರಿ ದಪ್ಪ ಮನುಷ್ಯ, ಅವಸರವಿಲ್ಲದವರು. ನೂರ ಹನ್ನೆರಡು ಸಾಲುಗಳ ಮೇಲೂ ಬೆರಳಿಟ್ಟು ಓದಿದರು.

"ಇಷ್ಟೇನಾ ಅಕ್ಕಾ?"

ಅವಳು ದೊಡ್ಡ ಸರ್ ಕಡೆ ನೋಡಿದಳು.

"ಯಾಕೆ ಕೇಳ್ದೆ ಅಂದ್ರೆ, ಹೊಗೆ ತುಂಬಿದ್ರೆ ನಮಗೆ ಏನೂ ಕಾಣಲ್ಲ. ಕೈಗೆ ಸಿಕ್ಕಿದ್ದನ್ನ ಪಕ್ಕಕ್ಕೆ ತಳ್ತಾ ಒಳಗೆ ಹೋಗ್ತೀವಿ. ಈ ಕಾಗದಾನೇ ನಮ್ಮ ಕಣ್ಣು."

ಕಿಟಕಿಯ ಬಳಿ ನಿಂತಿದ್ದ ದೊಡ್ಡ ಸರ್ ಕೆಮ್ಮಿದರು. ಅವಳು ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ನೂರ ಹದಿಮೂರನೆಯ ಸಾಲು ಬರೆದಳು. 'ಒಣಗಿದೆ' ಎಂಬುದರ ಕೆಳಗೆ ಎರಡು ಗೆರೆ ಎಳೆದಳು.

ಅಧಿಕಾರಿ ಓದಿ ಕನ್ನಡಕ ತೆಗೆದರು. "ಯಾರಾದ್ರೂ ಮುಟ್ಟಿದಾರಾ?"

"ಇಲ್ಲ. ಬೀಗ ಹಾಕಿದೀನಿ."

"ಒಳ್ಳೇದು. ಎಲ್ರೂ ಮೈದಾನಕ್ಕೆ ನಡೀರಿ. ಓಡಬೇಡಿ. ಬಾಗಿಲು ದಡಾರ್ ಅಂತ ಹಾಕ್ಬೇಡಿ."

ಪಕ್ಕದಲ್ಲಿ ಹಾದುಹೋಗುವಾಗ ದೊಡ್ಡ ಸರ್, "ಮಾಡೋದು ಮಾಡಿದೆ ನೀನು," ಎಂದರು. ಅವಳು ಉಗ್ರಾಣದ ಬೀಗದ ಕೈಯನ್ನು ಅಧಿಕಾರಿಗೆ ಕೊಟ್ಟಳು.

ಮೈದಾನದಲ್ಲಿ ಎರಡು ತಾಸು ಕಳೆಯಿತು. "ಅಕ್ಕಾ, ನನ್ನ ಊಟದ ಡಬ್ಬಿ ಒಳಗಿದೆ, ಅದನ್ನೂ ಪಟ್ಟಿಗೆ ಸೇರ್ಸಿ. ನಾನೇ ಮಾಡಿದ ಅಡುಗೆ, ಅಪಾಯಾನೇ," ಎಂದಳು ಒಬ್ಬ ಸಂಶೋಧಕಿ. ನಾಲ್ಕು ಜನ ನಕ್ಕರು. ಇನ್ನೊಬ್ಬಳು ನಗಲಿಲ್ಲ. ಕರೆಂಟು ತೆಗೆದಾಗ ಅವಳ ನಾಲ್ಕು ತಿಂಗಳ ಕೆಲಸ ಹಾಳಾಗಿತ್ತು. ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಹತ್ತಿರ ಹೋಗಲು ಸ್ಟೋರಕ್ಕನಿಗೆ ಧೈರ್ಯ ಬರಲಿಲ್ಲ.

ಅಧಿಕಾರಿ ಕರೆಸಿದ್ದ ಬಾಂಬ್ ದಳದವನೊಬ್ಬ ದಪ್ಪ ಕವಚ ತೊಟ್ಟು ಒಂಟಿಯಾಗಿ ಒಳಗೆ ಹೋದ. ಸೀಸೆಯನ್ನು ಹುದುಗಿಸಿಟ್ಟ ಮರಳಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಬಂದು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಮೈದಾನದ ಆ ತುದಿಯಲ್ಲಿ ತೋಡಿದ್ದ ಗುಂಡಿಯ ತನಕ ನಡೆದ. ಅದನ್ನು ಇಳಿಸಿ, ತಂತಿ ಜೋಡಿಸಿ, ದೂರ ಬಂದ. ಸ್ವಲ್ಪ ಹೊತ್ತಿಗೆ ನೆಲ ಅದುರಿತು. ಮಣ್ಣು ಆಳೆತ್ತರಕ್ಕೆ ಎದ್ದು ಬಿತ್ತು. ಕಟ್ಟಡದ ಗಾಜುಗಳೆಲ್ಲ ಗಲಗಲ ಎಂದವು.

ಅವನು ಬಂದು ಮೆಟ್ಟಿಲ ಮೇಲೆ ಕೂತು ಶಿರಸ್ತ್ರಾಣ ತೆಗೆದ. ಇಪ್ಪತ್ತೈದರ ಆಸುಪಾಸಿನವನು, ಕೂದಲು ಬೆವರಿಗೆ ಹಣೆಗಂಟಿತ್ತು. ಸ್ಟೋರಕ್ಕ ನೀರು ತಂದಳು. ಲೋಟ ಹಿಡಿಯಲು ಹೋದ, ಆದರೆ ಬೆರಳು ನಡುಗಿ ನೀರು ತುಳುಕಿತು.

"ಒಂದು ನಿಮಿಷ ಅಕ್ಕಾ," ಎಂದ, ನಾಚಿಕೆಯಿಂದ.

ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಲೋಟ ತೆಗೆದುಕೊಂಡಿತು. ದೊಡ್ಡ ಸರ್ ನೋಯುವ ಮಂಡಿಯನ್ನು ಕೆಳಗಿನ ಮೆಟ್ಟಿಲಿಗೂರಿ, ಲೋಟವನ್ನು ಅವನ ಬಾಯಿಗಿಟ್ಟರು. ಇನ್ನೊಂದು ಅಂಗೈಯನ್ನು ಗಲ್ಲದ ಕೆಳಗೆ ಒಡ್ಡಿದರು. ಅವನು ನಿಧಾನವಾಗಿ ಕುಡಿದ. ಲೋಟ ಬರಿದಾದಾಗ ಸರ್ ತಲೆ ಎತ್ತದೆ ಅದನ್ನು ಅವಳ ಕಡೆ ಚಾಚಿದರು. ಅವಳು ಜಗ್ ಬಗ್ಗಿಸಿ ತುಂಬಿದಳು.