ಸತ್ತ ಮೇಲೆ ಕುಣಿದ ಕರ್ನಲ್

ಟ್ರಿನಿಡಾಡಿನ ಕೂವಾ ಊರಿನಲ್ಲಿ ಗ್ರೇಲಿಂಗ್ ಸಿನಿಮಾಗಳ ಮೇಲೆ ವಾದ ಎದ್ದರೆ ಕಬ್ಬಿನ ಗದ್ದೆಯ ಮುಂಗುಸಿಗಳೂ ಎರಡು ಪಕ್ಷವಾಗಿ ನಿಲ್ಲುತ್ತಿದ್ದವು. ದೇಶದಲ್ಲಿ ಸರ್ಕಾರ ಬಿದ್ದಾಗಲೂ ಅಷ್ಟು ಗದ್ದಲ ಆಗಿರಲಿಲ್ಲ. ಗ್ರೇಲಿಂಗ್ ಎಂದರೆ ಇಂಗ್ಲೆಂಡಿನ ಗೂಢಚಾರ. ಇಪ್ಪತ್ತಮೂರು ಸಿನಿಮಾಗಳಲ್ಲಿ ಐವರು ನಟರು ಅವನ ಕೋಟು ತೊಟ್ಟು ಬಿಚ್ಚಿದ್ದರು. ಅವರ ನಿಜವಾದ ಹೆಸರು ಕೂವಾದಲ್ಲಿ ಯಾರಿಗೂ ಬೇಕಿರಲಿಲ್ಲ. ಊರೇ ನಾಮಕರಣ ಮಾಡಿತ್ತು: ಹಿರಿಯ, ಮೂಗ, ಹಲ್ಲುಗಿಂಜ, ಬಾಚಣಿಗೆ, ಕೊನೆಗೆ ಅಳುಮುಂಜಿ.

ಈ ವಾದಗಳ ಹೈಕೋರ್ಟು ಇದ್ದದ್ದು ಬಿಸೂನ್‌ದತ್ತನ ಮನೆಯಡಿಯಲ್ಲಿ. ಕಂಬಗಳ ಮೇಲೆ ನಿಂತ ಮನೆ, ಕೆಳಗೆ ತಂಪು ನೆರಳು, ಎರಡು ಕಂಬಗಳ ನಡುವೆ ಒಂದು ಜೋಲಿ. ಜೋಲಿಯಲ್ಲಿ ಬಿಸೂನ್. ಎದುರಿನ ಬೆಂಚಿನಲ್ಲಿ ಅವನ ಬಾಲ್ಯದ ಗೆಳೆಯನೂ ಜನ್ಮವೈರಿಯೂ ಆದ ಕಥ್ಬರ್ಟ್, ಅಂಚೆ ಕಚೇರಿಯಿಂದ ನಿವೃತ್ತ. ಅವನ ದನಿ ಎಷ್ಟು ದೊಡ್ಡದೆಂದರೆ ಅವನು ಕೂವಾದಲ್ಲಿ ಸೀನಿದರೆ ವೆನೆಜುವೆಲಾದಲ್ಲಿ ಕಿಟಕಿ ಮುಚ್ಚುತ್ತಿದ್ದರು. ಪಕ್ಕದ ಮನೆಯ ಹಯಸಿಂತ್ ಪ್ರತಿ ಭಾನುವಾರ ಬೇಳೆಹಿಟ್ಟಿನ ಪುಲೌರಿ ಕರಿದು ತರುತ್ತಿದ್ದಳು. ಅವಳ ಪುಲೌರಿಯ ಹಗುರಕ್ಕೆ ತಟ್ಟೆಯ ಮೇಲೆ ಕಲ್ಲು ಇಡದಿದ್ದರೆ ಅವು ಗಾಳಿಗೆ ಹಾರಿ ಹೋಗುತ್ತಿದ್ದವು.

ಬಿಸೂನ್‌ನ ತೀರ್ಪು ಐವತ್ತು ವರ್ಷಗಳಿಂದ ಒಂದೇ. ನಾಲ್ಕನೆಯದು. ‘ಮಂಜಿನ ದೀಪಸ್ತಂಭ’. ಅದರ ಮುಂದೆ ಬೇರೆ ಇಪ್ಪತ್ತೆರಡೂ ಕಸ. ಯಾಕೆಂದರೆ ಅದರಲ್ಲಿ ಖಳನಾಯಕ ಕರ್ನಲ್ ವೋಸ್ ನಡುವಿನಲ್ಲೇ ದೀಪಸ್ತಂಭದಿಂದ ಸಮುದ್ರಕ್ಕೆ ಬಿದ್ದು ಸಾಯುತ್ತಾನೆ. ಆಮೇಲೆ ಬಿಳಿ ಸೂಟು ಹಾಕಿಕೊಂಡು, ಒಂದು ಹನಿ ನೀರಿಲ್ಲದೆ, ಅರಮನೆಯ ಔತಣಕ್ಕೆ ಬಂದು ನಾಯಕಿಯ ಜೊತೆ ಕುಣಿಯುತ್ತಾನೆ. ಗ್ರೇಲಿಂಗ್ ಗಾಬರಿಯಾಗುವುದಿಲ್ಲ. ತಾನೇ ಕೊಂದವನ ಕಡೆ ತಿರುಗಿ ಗ್ಲಾಸು ಎತ್ತುತ್ತಾನೆ, ಅಷ್ಟೇ.

ಆ ಸಿನಿಮಾ ಕೂವಾಕ್ಕೆ ಬಂದದ್ದು ಒಂದೇ ಒಂದು ಸಂಜೆ. ಆಮೇಲೆ ನಿರ್ಮಾಪಕರು ಕೋರ್ಟಿಗೆ ಹೋಗಿ ಜಗಳಾಡಿ, ಅದು ಟಿವಿಗೂ ಬರಲಿಲ್ಲ, ಕ್ಯಾಸೆಟ್ಟಿಗೂ ಬರಲಿಲ್ಲ. ಹಾಗಾಗಿ ಬಿಸೂನ್ ಹೇಳಿದ್ದೇ ಸಿನಿಮಾ ಆಗಿತ್ತು. ಅದನ್ನು ನೋಡದೆ ಹುಟ್ಟಿ ಬೆಳೆದವರು ಕೂಡ ಆ ಗ್ಲಾಸು ಎತ್ತುವ ದೃಶ್ಯವನ್ನು ಕಣ್ಣಾರೆ ಕಂಡವರಂತೆ ಅಭಿನಯಿಸಿ ತೋರಿಸುತ್ತಿದ್ದರು.

ಈ ಸಲ ಟೊರಾಂಟೋದಿಂದ ಬಂದ ಸೊಸೆ ಆರ್ತಿ ಅದನ್ನು ತಂದಿದ್ದಳು.

“ಪಾ, ಕೋರ್ಟ್ ಕೇಸ್ ಮುಗೀತಂತೆ. ಹಳೇ ಫಿಲ್ಮನ್ನ ತೊಳೆದು ಹೊಸದಾಗಿ ಬಿಡುಗಡೆ ಮಾಡಿದ್ದಾರೆ. ನಿಮ್ಮ ಹುಟ್ಟುಹಬ್ಬಕ್ಕೆ ಅಂತ ತಂದೆ,” ಎಂದು ಲ್ಯಾಪ್‌ಟಾಪನ್ನು ಮನೆಯಡಿಯ ಟಿವಿಗೆ ಜೋಡಿಸಿದಳು.

ಬಿಸೂನ್‌ಗೆ ಖುಷಿಯಾಯಿತು, ಜೊತೆಗೇ ಒಂದು ಅಂಜಿಕೆಯೂ ಹುಟ್ಟಿತು. ಅದಕ್ಕೆ ಕಾರಣ ಅವನಿಗೆ ಮಾತ್ರ ಗೊತ್ತಿತ್ತು. ಕೆಲವು ತಿಂಗಳಿಂದ ಅವನ ತಲೆ ಅವನ ಮಾತು ಕೇಳುತ್ತಿರಲಿಲ್ಲ. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತ್ತು. ಮಾರ್ಕೆಟ್ಟಿಗೆ ಹೋಗಿ ಏನು ತರಬೇಕೆಂದು ಮರೆತು ಒಂದು ಕಲ್ಲಂಗಡಿ ಹೊತ್ತು ಬಂದಿದ್ದ, ಮನೆಯಲ್ಲಿ ಆಗಲೇ ಮೂರಿದ್ದವು. ಮೊನ್ನೆ ಆರ್ತಿಯನ್ನು “ಸುಮಿಂತ್ರಾ” ಎಂದು ತೀರಿಹೋದ ಹೆಂಡತಿಯ ಹೆಸರಿನಿಂದ ಕರೆದಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು, ಆದರೆ ರಾತ್ರಿ ಗಂಡನ ಜೊತೆ ಫೋನಿನಲ್ಲಿ ಪಿಸುಗುಟ್ಟಿದ್ದು ಅವನ ಕಿವಿಗೆ ಬಿದ್ದಿತ್ತು. ಕನ್ನಡಕ ಹೋಗಲಿ, ಕಲ್ಲಂಗಡಿ ಹೋಗಲಿ. ನಾಲ್ಕನೆಯ ಸಿನಿಮಾ ಮಾತ್ರ ಅವನ ತಲೆಯಲ್ಲಿ ಗಾಜಿನಂತೆ ಸ್ಪಷ್ಟವಾಗಿತ್ತು. ಅದು ಸರಿಯಿದ್ದರೆ ತಲೆ ಸರಿಯಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಬಾತುಕೋಳಿ ಸಾರು, ರೊಟ್ಟಿ, ಬಂಧನಿಯಾ ಸೊಪ್ಪಿನ ಚಟ್ನಿ ಎಲ್ಲ ಮುಂದಿಟ್ಟುಕೊಂಡು ಕೂತರು.

“ಇವತ್ತು ನಿನ್ನ ಬಂಡವಾಳ ಬಯಲಾಗತ್ತೆ ಕಣೋ ಬಿಸೂನ್,” ಎಂದ ಕಥ್ಬರ್ಟ್ ಬಾತಿನ ಒಂದು ಕಾಲು ಕಿತ್ತುಕೊಳ್ಳುತ್ತ. “ಏಳನೆಯದರ ಮುಂದೆ ಇದೇನೂ ಅಲ್ಲ. ಏಳನೆಯದರಲ್ಲಿ ಮೂಗ ಅರ್ಧ ಗಂಟೆ ಮರಳುಗಾಡಲ್ಲಿ ನಡೀತಾನೆ. ಒಂದು ಮಾತಿಲ್ಲ! ಅದು ನಟನೆ!”

“ನಟನೆ ಅಲ್ಲ, ಅವನಿಗೆ ಡೈಲಾಗ್ ಮರೆತುಹೋಗಿತ್ತು.”

“ನಿನ್ನ ಹಿರಿಯ ಇದ್ದಾನಲ್ಲ, ಓಡೋವಾಗ ಹೊಟ್ಟೆ ಮುಂದೆ ಹೋಗಿ ಅವನು ಹಿಂದೆ ಬರ್ತಿದ್ದ!”

“ಇಬ್ಬರೂ ಬಾಯಿ ಮುಚ್ಚಿ,” ಎಂದಳು ಹಯಸಿಂತ್. “ಆಗಲೂ ಟಾಕೀಸಿನ ನೆಲದ ಬೆಂಚಲ್ಲಿ ಕೂತು ಹಿಂಗೇ ಕಿರುಚ್ತಿದ್ರಿ. ಬಾಲ್ಕನೀಲಿ ಕೂತ ಮರ್ಯಾದಸ್ಥರಿಗೆ ಒಂದಕ್ಷರ ಕೇಳ್ತಿರ್ಲಿಲ್ಲ.”

“ಬಾಲ್ಕನಿ ಟಿಕೆಟ್ ಕೊಡಿಸಿದ್ದು ಯಾರು, ಆ ಗಡಿಯಾರ ರಿಪೇರಿಯವನಾ?” ಎಂದ ಕಥ್ಬರ್ಟ್.

“ಯಾರಾದ್ರೆ ನಿಂಗೇನೋ? ನೀನಂತೂ ಕೊಡಿಸ್ಲಿಲ್ಲ.”

ಸಿನಿಮಾ ಶುರುವಾಯಿತು. ಬಣ್ಣಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಅಂಗಳದ ಕೋಳಿಗಳು ಬೆಳಗಾಯಿತೆಂದು ಕೂಗಿಬಿಟ್ಟವು. ಬಿಸೂನ್ ಮೊದಮೊದಲು ಪ್ರತಿ ಮಾತನ್ನೂ ಗ್ರೇಲಿಂಗ್‌ಗಿಂತ ಅರ್ಧ ಕ್ಷಣ ಮುಂಚೆ ಹೇಳುತ್ತಿದ್ದ. ಆರ್ತಿ ಬೆರಗಾಗಿ ಅವನನ್ನೇ ನೋಡಿದಳು. ಅವನು ಜೋಲಿಯಲ್ಲಿ ಕಾಲು ಚಾಚಿದ.

ಆಮೇಲೆ ಅರಮನೆಯ ಔತಣ ಬಂತು.

ಇಷ್ಟು ಬೇಗ ಬರಬಾರದಿತ್ತು. ಕರ್ನಲ್ ವೋಸ್ ಇನ್ನೂ ಸತ್ತಿರಲಿಲ್ಲ. ಬಿಳಿ ಸೂಟಿನಲ್ಲಿ ಬಂದ, ನಾಯಕಿಯ ಜೊತೆ ಕುಣಿದ. ಗ್ರೇಲಿಂಗ್ ಗ್ಲಾಸು ಎತ್ತಿದ. ಎದುರಾಳಿಯನ್ನು ಮೊದಲ ಸಲ ಕಂಡವನ ಸಾಧಾರಣ ಮರ್ಯಾದೆ ಅದು, ಬೇರೇನೂ ಇಲ್ಲ. ಅದಾದ ಮೇಲೆ ದೀಪಸ್ತಂಭ, ಜಗಳ, ಕರ್ನಲ್ ಸಮುದ್ರಕ್ಕೆ ಬಿದ್ದ. ಆಮೇಲೂ ಸಿನಿಮಾ ಅರ್ಧ ಗಂಟೆ ಓಡಿತು, ಬಿದ್ದವನು ಮತ್ತೆ ಏಳಲಿಲ್ಲ. ಸಿನಿಮಾ ಮುಗಿಯಿತು.

ಬಿಸೂನ್ ಜೋಲಿಯ ಹಗ್ಗವನ್ನು ಹಿಡಿದುಕೊಂಡ. ಐವತ್ತು ವರ್ಷ ಊರಿಗೆಲ್ಲ ಹೇಳಿದ್ದನ್ನು ತಾನೇ ಕಟ್ಟಿಕೊಂಡಿದ್ದನೇ? ಹಾಗಾದರೆ ಸುಮಿಂತ್ರಾಳ ಮೊದಲ ನಗು? ಅಪ್ಪನ ದನಿ? ತಲೆಯೊಳಗಿನ ಎಲ್ಲ ಕೋಣೆಗಳ ಬಾಗಿಲುಗಳೂ ಒಮ್ಮೆಗೇ ಬಡಿದುಕೊಂಡಂತಾಯಿತು.

ಆರ್ತಿ ಮೆಲ್ಲಗೆ ಅವನ ಭುಜ ಮುಟ್ಟಿದಳು. “ಪರವಾಗಿಲ್ಲ ಪಾ. ಎಷ್ಟು ವರ್ಷ ಆಯ್ತು. ನೆನಪು ಹಂಗೇ, ತಿರುಗು ಮುರುಗಾಗತ್ತೆ.”

ಆ ಮೃದುವಾದ ಮಾತು ಅವನಿಗೆ ಮೆಣಸಿನಕಾಯಿಗಿಂತ ಖಾರವಾಗಿ ನಾಟಿತು. ಈಗ ಕಥ್ಬರ್ಟ್ ಶುರು ಮಾಡುತ್ತಾನೆ ಎಂದು ಕಣ್ಣು ಮುಚ್ಚಿ ಕಾದ. ಈ ಗಳಿಗೆಗಾಗಿ ಆ ಮನುಷ್ಯ ಐವತ್ತು ವರ್ಷ ಬದುಕಿದ್ದ. ಗೆದ್ದ ದಿನ ಊರಿನ ಸುತ್ತ ಸ್ಟೀಲ್ ಬ್ಯಾಂಡ್ ಕರೆಸಿ ಮೆರವಣಿಗೆ ಹೋಗುತ್ತೇನೆ ಎಂದು ಪ್ರತಿ ಕ್ರಿಸ್‌ಮಸ್ಸಿಗೆ ಹೇಳುತ್ತಿದ್ದ.

ಕಥ್ಬರ್ಟ್ ಕೈಯಲ್ಲಿದ್ದ ಮೂಳೆಯನ್ನು ತಟ್ಟೆಗೆ ಹಾಕಿದ.

“ಲೇ ಹುಡುಗಿ,” ಎಂದ ಆರ್ತಿಗೆ. “ಯಾವನಮ್ಮ ಈ ಸಿನಿಮಾನ ಹಾಳು ಮಾಡಿದ್ದು?”

“ಯಾರೂ ಮಾಡಿಲ್ಲ ಅಂಕಲ್, ಇದು ಮೂಲ ಪ್ರತಿ.”

“ಯಾವ ಮೂಲ? ಕರ್ನಲ್ ಸತ್ತ ಮೇಲೆ ಕುಣೀಬೇಕು. ಮೊದಲು ಕುಣಿದು ಆಮೇಲೆ ಸತ್ರೆ ಅದರಲ್ಲಿ ಏನಿದೆ ಮಜಾ? ಹಂಗೆ ಎಲ್ಲರೂ ಸಾಯ್ತಾರೆ.”

ಬಿಸೂನ್ ಕಣ್ಣು ತೆರೆದ. “ಬೇಡ ಕಥ್ಬರ್ಟ್. ನನ್ನ ಮೇಲೆ ಕನಿಕರಪಟ್ಟು ಸುಳ್ಳು ಹೇಳ್ಬೇಡ. ನನ್ನ ತಲೆ ಹೋಗ್ತಾ ಇದೆ. ನಂಗೊತ್ತು.”

“ಕನಿಕರಾನಾ? ನಿನ್ನ ಮೇಲಾ?” ಕಥ್ಬರ್ಟ್ ಎದ್ದು ನಿಂತ. “ಆರ್ತಿ, ಕೇಳಮ್ಮ. ಆ ಸಂಜೆ ಇಡೀ ಟಾಕೀಸಲ್ಲಿ ಹೆದರದೆ ಕೂತವನು ತಾನೊಬ್ಬನೇ ಅಂತ ನಿಮ್ಮ ಮಾವ ಹೇಳ್ತಾನಲ್ಲ? ಸತ್ತವನು ಬಿಳಿ ಸೂಟಲ್ಲಿ ಬಾಗಿಲಲ್ಲಿ ಕಾಣಿಸಿದ ತಕ್ಷಣ ಇವನು ನನ್ನ ಕಂಕುಳೊಳಗೆ ತಲೆ ಹುದುಗಿಸ್ದ. ಹುದುಗಿಸಿ ‘ಅವ್ವಾ’ ಅಂದ. ಕುಣಿತ ಮುಗಿಯೋವರೆಗೂ ತಲೆ ಎತ್ತಲಿಲ್ಲ. ಗ್ಲಾಸ್ ಎತ್ತಿದ್ದನ್ನ ಇವನು ನೋಡೇ ಇಲ್ಲ, ಮನೆಗೆ ಹೋಗ್ತಾ ನಾನು ಹೇಳಿದ್ದು!”

ಬಿಸೂನ್‌ನ ಮುಖಕ್ಕೆ ರಕ್ತ ನುಗ್ಗಿತು. ಅಂಗಿಯ ಬೆವರು, ಕಡಲೆಕಾಯಿ ಸಿಪ್ಪೆ, ಕಥ್ಬರ್ಟ್‌ನ ತೋಳಿನ ಕೆಳಗಿನ ಕತ್ತಲೆ, ಎಲ್ಲವೂ ಒಟ್ಟಿಗೆ ನೆನಪಿಗೆ ಬಂತು. ನಿಜ. ಪೂರಾ ನಿಜ. ಕನಿಕರಪಡುವವನು ಇಂಥ ಮಾತನ್ನು ಸೊಸೆಯ ಮುಂದೆ ಹೇಳುವುದಿಲ್ಲ.

“ಐವತ್ತು ವರ್ಷ ಯಾಕೋ ಬಾಯಿ ಬಿಡಲಿಲ್ಲ?” ಎಂದ.

“ಒಳ್ಳೇ ಸಮಯಕ್ಕೆ ಇಟ್ಕೊಂಡಿದ್ದೆ. ನಿನ್ನ ಹೆಣದ ಮುಂದೆ ಭಾಷಣ ಮಾಡೋವಾಗ ಹೇಳೋಣ ಅಂತ. ಈಗ ಹಾಳಾಯ್ತು.”

ಹಯಸಿಂತ್ ಪುಲೌರಿಯನ್ನು ಚಟ್ನಿಯಲ್ಲಿ ಅದ್ದುತ್ತ, “ನಾನೂ ನೋಡ್ದೆ. ಮೊದಲು ಬಿದ್ದ, ಆಮೇಲೆ ಕುಣಿದ,” ಎಂದಳು. “ಅದಕ್ಕೆ ಮುಂಚೆ ಸಿನಿಮಾ ನಿಂತುಹೋಗಿತ್ತಲ್ಲ, ನೆನಪಿಲ್ವಾ? ನೀವೆಲ್ಲ ಬೆಂಚು ಮುರಿಯೋ ಹಂಗೆ ಕಾಲು ಬಡೀತಿದ್ರಿ. ನಾನು ಬಾಲ್ಕನಿ ಕಿಟಕಿಯಿಂದ ನೋಡ್ತಿದ್ದೆ. ಲಲ್ಚನ್ ಬಂದೇ ಇರ್ಲಿಲ್ಲ.”

“ಲಲ್ಚನ್ ಯಾರು ಆಂಟಿ?” ಎಂದಳು ಆರ್ತಿ.

“ಮೋಟಾರ್‌ಸೈಕಲ್‌ನವನು. ಒಂದೇ ಸಿನಿಮಾ, ಎರಡು ಊರು. ಶಾಗ್ವಾನಸ್‌ನಲ್ಲಿ ಒಂದೊಂದು ಸುರುಳಿ ಮುಗೀತಿದ್ದ ಹಂಗೆ ಅವನು ಚೀಲದಲ್ಲಿ ಹಾಕ್ಕೊಂಡು ಇಲ್ಲಿಗೆ ತರ್ತಿದ್ದ. ಅವತ್ತು ಕಬ್ಬಿನ ರೈಲು ರಸ್ತೆಗೆ ಅಡ್ಡ ನಿಂತುಬಿಟ್ಟಿತ್ತು. ತಡವಾಗಿ, ಎರಡು ಸುರುಳಿ ಒಟ್ಟಿಗೆ ತಂದ.”

ಆರ್ತಿ ಬಾಯಿಗೆ ಕೈ ಹಿಡಿದಳು. “ಹಂಗಾದ್ರೆ ಆಪರೇಟರ್ ಗಡಿಬಿಡೀಲಿ ಆಮೇಲಿನ ಸುರುಳೀನ ಮೊದಲು ಹಾಕಿಬಿಟ್ಟಿದ್ದಾನೆ! ಪಾ, ನಿಮ್ಮ ನೆನಪು ಸರಿಯಾಗೇ ಇದೆ. ನೀವು ನೋಡಿದ್ದೇ ಹಂಗೆ. ಇಡೀ ಊರೇ ಹಂಗೆ ನೋಡಿದೆ!”

ಬಿಸೂನ್ ಒಂದು ನಿಟ್ಟುಸಿರು ಬಿಟ್ಟ. ಅದರ ರಭಸಕ್ಕೆ ಜೋಲಿ ತಾನಾಗಿಯೇ ಮೂರು ಸಲ ತೂಗಿತು. ಕನ್ನಡಕ ನಾಳೆ ಮತ್ತೆ ಎಲ್ಲೋ ಕಳೆಯಬಹುದು. ಡಾಕ್ಟರ ಬಳಿ ಹೋಗಬೇಕಾಗಿ ಬರಬಹುದು. ಬಂದರೆ ಬರಲಿ. ಆದರೆ ಆ ಸಂಜೆ ಅವನದೇ, ಅದನ್ನು ಅವನು ಕಟ್ಟಿದ್ದಲ್ಲ. ಅದಕ್ಕೆ ಇಬ್ಬರು ಸಾಕ್ಷಿಗಳು ಕಣ್ಣೆದುರೇ ಕೂತು ಬೆರಳು ನೆಕ್ಕುತ್ತಿದ್ದಾರೆ.

“ಹಾಗಾದ್ರೂ ನೀನು ಸೋತೆ,” ಎಂದ ಕಥ್ಬರ್ಟ್. “ನಿನ್ನ ನಾಲ್ಕನೆಯದು ಇಂಗ್ಲೆಂಡಿನವರು ಮಾಡಿದ್ದಲ್ಲ. ಕಬ್ಬಿನ ರೈಲು ಮಾಡಿದ್ದು. ಸರಣಿಗೆ ಸೇರಲ್ಲ.”

“ಸೇರಲ್ವಾ? ಟಿಕೆಟ್ ತಗೊಂಡು ನೋಡಿದ್ದೀನಿ! ಇಪ್ಪತ್ತಮೂರರಲ್ಲಿ ಟ್ರಿನಿಡಾಡಿನವರು ಸರಿ ಮಾಡಿದ್ದು ಇದೊಂದೇ, ಅದಕ್ಕೇ ಇದು ಶ್ರೇಷ್ಠ!”

“ನಿಲ್ಲಿ, ನಿಲ್ಲಿ,” ಎಂದ ಆರ್ತಿ ಲ್ಯಾಪ್‌ಟಾಪಿನ ಮುಂದೆ ಬಗ್ಗಿದಳು. ಮೊದಲು ದೀಪಸ್ತಂಭ ಹಾಕಿದಳು. ಕರ್ನಲ್ ಬಿದ್ದ, ಸಮುದ್ರ ಮುಚ್ಚಿಕೊಂಡಿತು. ಆಮೇಲೆ ಹಿಂದಕ್ಕೆ ಹೋಗಿ ಔತಣ ಹಾಕಿದಳು. ಬಾಗಿಲು ತೆರೆಯಿತು. ಬಿಳಿ ಸೂಟು. ಬಿಸೂನ್ ಈ ಸಲ ತಲೆ ಬಗ್ಗಿಸಲಿಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಗ್ರೇಲಿಂಗ್ ನಿಧಾನವಾಗಿ ತಿರುಗಿ, ತಾನು ಕೊಂದವನ ಕಡೆ ಗ್ಲಾಸು ಎತ್ತಿದ. ಬಿಸೂನ್ ಅದನ್ನು ತನ್ನ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಐವತ್ತು ವರ್ಷ ತಾನು ಹೇಳಿದ್ದಕ್ಕಿಂತ ಅದು ಚೆನ್ನಾಗಿತ್ತು.

ಆರ್ತಿ ತನ್ನ ತೋಳು ಸವರಿಕೊಂಡಳು. ರೋಮವೆಲ್ಲ ನೆಟ್ಟಗೆ ನಿಂತಿತ್ತು.

“ಪಾ, ಹಂಗಾದ್ರೆ ಅವನು ಬದುಕಿದ್ನಾ? ಇಲ್ಲ ದೆವ್ವಾನಾ?”

“ದೆವ್ವ,” ಎಂದ ಬಿಸೂನ್.

“ಅವಳಿ ತಮ್ಮ,” ಎಂದ ಕಥ್ಬರ್ಟ್.

“ಇಬ್ಬರಿಗೂ ತಲೆ ಇಲ್ಲ,” ಎಂದಳು ಹಯಸಿಂತ್. “ಈಜಿ ಬಂದು ಬಟ್ಟೆ ಬದಲಾಯಿಸ್ಕೊಂಡ,” ಎನ್ನುತ್ತ ಕೊನೆಯ ಪುಲೌರಿಯನ್ನು ಆರ್ತಿಯ ತಟ್ಟೆಗೆ ಹಾಕಿ, ತನ್ನ ಪಕ್ಷಕ್ಕೆ ಎಳೆದುಕೊಳ್ಳಲು ಅವಳ ಪಕ್ಕಕ್ಕೆ ಕುರ್ಚಿ ಸರಿಸಿದಳು.